ಹೆಸರುಳಿದವರು, ಹೆಸರಳಿದವರು

ಅರಬ್ಬೀ ಸಮುದ್ರಕ್ಕೂ ಸಹ್ಯಾದ್ರಿಗೂ ನಡುವೆ ಇಕ್ಕಟ್ಟಾಗಿ ಹಬ್ಬಿದ ಉತ್ತರ ಕನ್ನಡದ ಕಡಲಂಚಿನಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಪಟ್ಟಣಗಳು ದಕ್ಷಿಣದಿಂದ ಉತ್ತರಕ್ಕೆ ಒಂದಾದ ಮೇಲೊಂದರಂತೆ ನೆಲೆಸಿವೆ. ಮಂಗಳೂರಿನಿಂದ ಗೋವೆಗೆ ಹೆದ್ದಾರಿಯಲ್ಲಿಯೋ ಕೊಂಕಣ ರೈಲಿನಲ್ಲಿಯೋ ಸಾಗುವ ಪ್ರಯಾಣಿಕನು ಇಂದು ಇವುಗಳನ್ನು ಅರೆನಿದ್ರೆಯಲ್ಲಿಯೇ ದಾಟಿಹೋಗುತ್ತಾನೆ. ಆದರೆ ಘಟ್ಟದ ಮೇಲಿನ ಕಾಳುಮೆಣಸು ಹೇರೆತ್ತುಗಳ ಬೆನ್ನಿನ ಮೇಲೆ ಇಳಿದುಬಂದು, ಶರಾವತಿ ಅಘನಾಶಿನಿಗಳ ದೋಣಿಗಳನ್ನೇರಿ, ಈ ರೇವುಗಳಿಂದ ಅರಬಸ್ಥಾನಕ್ಕೂ ಯೂರೋಪಿಗೂ ಹೋಗುತ್ತಿದ್ದ ಶತಮಾನಗಳಲ್ಲಿ, ಲಿಸ್ಬನ್ನಿನ ರಾಜಸಭೆಯಲ್ಲಿಯೂ ಲಂಡನ್ನಿನ ವರ್ತಕರ ಲೆಕ್ಕದ ಪುಸ್ತಕಗಳಲ್ಲಿಯೂ ಈ ಊರುಗಳ ಹೆಸರು ಪದೇ ಪದೇ ಕೇಳಿಬರುತ್ತಿತ್ತು. ಸಂಪತ್ತು ಹರಿದಲ್ಲಿಗೆ ಹಡಗುಗಳು ಬಂದವು. ಹಡಗುಗಳ ಹಿಂದೆ ಫಿರಂಗಿಗಳು ಬಂದವು. ಫಿರಂಗಿಗಳ ಹಿಂದೆ ಮರಣ ಬಂದಿತು. ಆ ಮರಣಗಳಲ್ಲಿ ಕೆಲವು ನಮ್ಮ ಶಾಲೆಯ ಚರಿತ್ರೆಯ ಪುಸ್ತಕಗಳೊಳಗೆ ಎಂದೂ ಕಾಲಿಡದೆ ಉಳಿದುಹೋದವು. ಅಂಥವುಗಳಲ್ಲಿ ಕೆಲವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಕಥೆಗಳನ್ನು ಕೂಡಿಸಹೊರಟವನಿಗೆ ಮೊದಲು ಎದುರಾಗುವ ಸಂಗತಿಯೊಂದುಂಟು. ನಮ್ಮ ಪೂರ್ವಿಕರು ಕಲ್ಲಿನ ಮೇಲೆಯೂ ತಾಮ್ರಪಟಗಳ ಮೇಲೆಯೂ ದಾನದತ್ತಿಗಳನ್ನು, ದೇವಾಲಯ ಬಸದಿಗಳ ನಿರ್ಮಾಣವನ್ನು, ಹೋರಿ ಮಡಿದ ವೀರರ ಕೀರ್ತಿಯನ್ನು ಶ್ರದ್ಧೆಯಿಂದ ಕೆತ್ತಿಸಿದರಾದರೂ, ಸಾಮಾನ್ಯ ಜನರ ಬಾಳು ಹೇಗೆ ಸಾಗಿತು, ಹೇಗೆ ಮುಗಿಯಿತು ಎಂಬುದನ್ನು ಬರೆದಿಟ್ಟವರು ಹೆಚ್ಚಾಗಿ ಹೊರಗಿನಿಂದ ಬಂದವರು. 14ನೆಯ ಶತಮಾನದ ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದವೆಂಬ ವಿಷಯವನ್ನು ನಮಗೆ ತಿಳಿಸಿದವನು ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತ. ಹೊರಗಿನವರು ತಮ್ಮವರ ಸಾವನ್ನು ಹೆಸರು ಹಿಡಿದು ಬರೆದರು. ನಮ್ಮವರ ಸಾವನ್ನು ಬಹುಮಟ್ಟಿಗೆ ಗುಂಪಿನಲ್ಲಿ ಸೇರಿಸಿಬಿಟ್ಟರು. ಈ ಅಂತರವು ಮುಂದಿನ ಪ್ರತಿಯೊಂದು ಘಟನೆಯಲ್ಲಿಯೂ ಕಣ್ಣಿಗೆ ಬೀಳುತ್ತದೆಯಾದ್ದರಿಂದ ಅದನ್ನು ಮೊದಲಿಗೇ ಹೇಳಿದ್ದೇನೆ.

ಭಟ್ಕಳದಿಂದಲೇ ಆರಂಭಿಸೋಣ. 1502ರಲ್ಲಿ ವಾಸ್ಕೋ ಡ ಗಾಮನು ಎರಡನೆಯ ಬಾರಿ ಭಾರತಕ್ಕೆ ಬಂದಾಗ ಈ ರೇವಿನ ಮೇಲೆ ಬಿದ್ದು ಬೆಂಕಿಯಿಕ್ಕಿ, ಊರಿನ ಅರಸನಿಂದ ವರ್ಷವರ್ಷವೂ ಅಕ್ಕಿಯ ಕಪ್ಪವನ್ನು ಪಡೆಯುವ ಒಪ್ಪಂದವನ್ನು ಮಾಡಿಕೊಂಡನು. ತಮ್ಮ ಗದ್ದೆಯ ಅಕ್ಕಿಯನ್ನು ತಮ್ಮ ಊರನ್ನು ಸುಟ್ಟವರ ಹೊಟ್ಟೆಗೆ ಅಳೆದುಕೊಡಬೇಕಾಗಿ ಬಂದ ಭಟ್ಕಳದವರು ನಾಲ್ಕು ದಶಕಗಳ ಕಾಲ ಹಾಗೂ ಹೀಗೂ ಕಳೆದರು. 1542ರ ಹೊತ್ತಿಗೆ ಅಲ್ಲಿ ಆಳುತ್ತಿದ್ದವಳು ಒಬ್ಬ ರಾಣಿ. ಕಪ್ಪ ನಿಂತುಹೋಯಿತೆಂಬುದನ್ನು ನೆಪಮಾಡಿಕೊಂಡು, ಅದೇ ವರ್ಷ ಗೋವೆಯ ಅಧಿಕಾರವನ್ನು ವಹಿಸಿಕೊಂಡಿದ್ದ ಮಾರ್ತಿಂ ಅಫೊನ್ಸೊ ದ ಸೋಜನು ನೌಕಾಬಲದೊಡನೆ ಭಟ್ಕಳದ ಹೊಳೆಯನ್ನು ಹೊಕ್ಕನು. ರಾಣಿಯ ಜನರು ಬೀದಿಬೀದಿಯಲ್ಲಿ ನಿಂತು ಕಾದಿದರು. ಆದರೂ ಊರು ಶತ್ರುವಶವಾಯಿತು. ಕೊಳ್ಳೆಯನ್ನು ಹಂಚಿಕೊಳ್ಳುವಲ್ಲಿ ಪೋರ್ಚುಗೀಸ್ ಸೈನಿಕರು ತಮ್ಮತಮ್ಮಲ್ಲಿಯೇ ಕಲಹಕ್ಕಿಳಿದುದನ್ನು ಕಂಡ ಭಟ್ಕಳದವರು ಹಿಂದಿರುಗಿ ಮೇಲೆ ಬಿದ್ದಾಗ, ಗೆದ್ದವರೇ ದೋಣಿಗಳ ಕಡೆಗೆ ದಿಕ್ಕಾಪಾಲಾಗಿ ಓಡಿದರೆಂದು ಪೋರ್ಚುಗೀಸ್ ಇತಿಹಾಸಕಾರರೇ ಒಪ್ಪಿಕೊಂಡಿದ್ದಾರೆ. ಆ ಅಪಮಾನದ ಸೇಡನ್ನು ಅವರು ಊರನ್ನು ಸುಟ್ಟು, ಸುತ್ತಲಿನ ನೆಲವನ್ನು ಹಾಳುಗೆಡವಿ, ಮರಗಳನ್ನು ಕಡಿದುಹಾಕಿ ತೀರಿಸಿಕೊಂಡರು. ಮನೆಯನ್ನು ಮುಂದಿನ ಮಳೆಗಾಲದೊಳಗೆ ಮತ್ತೆ ಕಟ್ಟಬಹುದು. ಕಡಿದ ತೆಂಗಿನ ತೋಟವನ್ನು ಮತ್ತೆ ಫಲಕ್ಕೆ ತರುವುದಕ್ಕೆ ಎಷ್ಟು ವರ್ಷಗಳು ಬೇಕೆಂಬುದನ್ನು ಕರಾವಳಿಯ ಒಕ್ಕಲಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಬೀದಿಗಳಲ್ಲಿ ಬಿದ್ದವರಲ್ಲಿ ಒಬ್ಬನ ಹೆಸರನ್ನಾದರೂ ಹೇಳಬಲ್ಲ ಭಟ್ಕಳಿಗನನ್ನು ನಾನು ಕಂಡಿಲ್ಲ.

ಅದೇ ಭಟ್ಕಳದಲ್ಲಿ, ಒಂದು ಶತಮಾನದ ನಂತರ ಸತ್ತ ಮೂವರು ಪರದೇಶಿಗಳ ಹೆಸರುಗಳು ಮಾತ್ರ ಕಲ್ಲಿನ ಮೇಲೆ ಸ್ಪಷ್ಟವಾಗಿ ಉಳಿದುಬಂದಿವೆ. ಮೊದಲನೆಯ ಚಾರ್ಲ್ಸ್ ದೊರೆಯ ಅನುಮತಿಯನ್ನು ಪಡೆದು, ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ಹುಟ್ಟಿಕೊಂಡ ಕೋರ್ಟೀನ್ ಎಂಬ ವರ್ತಕನ ಕೂಟವು ಜಾನ್ ವೆಡೆಲ್ ಎಂಬ ಕಪ್ತಾನನ ಕೈಕೆಳಗೆ ಕಳುಹಿಸಿದ ಹಡಗುಗಳು 1637ರಲ್ಲಿ ಭಟ್ಕಳಕ್ಕೆ ಬಂದವು. ಘಟ್ಟದ ಮೇಲಿನ ಇಕ್ಕೇರಿಯ ಅರಸ ವೀರಭದ್ರನಾಯಕನಲ್ಲಿಗೆ ಹೋದ ಅವರ ದೂತರು ಮೆಣಸಿನ ವ್ಯಾಪಾರಕ್ಕಾಗಿ ಒಂದು ಕೋಠಿಯನ್ನು ತೆರೆಯಲು ಅಪ್ಪಣೆಯನ್ನು ಪಡೆದರು. ಆ ಯಾತ್ರೆಯ ವಿವರವನ್ನು ಪೀಟರ್ ಮಂಡಿ ಎಂಬವನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಹಡಗುಗಳು ಚೀನದ ಕಡೆಗೆ ಮುಂದುವರಿದವು. ಕೋಠಿಯವರು ಇಲ್ಲಿಯೇ ಉಳಿದರು. ಜಾರ್ಜ್ ವೈ, ಆಂಟನಿ ವರ್ನ್‌ವರ್ದಿ ಎಂಬ ಇಬ್ಬರು ವರ್ತಕರು ಕೋಠಿ ತೆರೆದ 1637ರಲ್ಲಿಯೇ ಮಣ್ಣಾದರು; ಅವರ ಜೊತೆಯವರ ಆರೋಗ್ಯವನ್ನು ನೋಡಿಕೊಳ್ಳಬೇಕಾಗಿದ್ದ ಶಸ್ತ್ರವೈದ್ಯ ವಿಲಿಯಂ ಬಾರ್ಟನ್ 1638ರಲ್ಲಿ ತಾನೇ ತೀರಿಕೊಂಡನು. ಭಾರತದ ಪಶ್ಚಿಮ ಕರಾವಳಿಯಲ್ಲಿ ದೊರೆತಿರುವ ಆಂಗ್ಲರ ಸಮಾಧಿಶಿಲೆಗಳಲ್ಲಿ ಇವು ಬಹು ಹಳೆಯವು. ಕೋರ್ಟೀನನ ಕೂಟವು ಕೆಲವೇ ವರ್ಷಗಳಲ್ಲಿ ದಿವಾಳಿಯ ದಾರಿ ಹಿಡಿಯಿತು, ಕೋಠಿ ಹಾಳಾಯಿತು, ಕಲ್ಲುಗಳು ಉಳಿದವು.

ಈ ಕಲ್ಲುಗಳಿಗಿಂತಲೂ ವಿಚಿತ್ರವಾದ, ಇವುಗಳಿಗಿಂತಲೂ ದಾರುಣವಾದ ವೃತ್ತಾಂತವೊಂದನ್ನು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನ ನಾವಿಕನು ಭಟ್ಕಳದ ವಿಷಯವಾಗಿ ಹೇಳಿದ್ದಾನೆ. ಇವನು 1688ರಿಂದ ಮೂರು ದಶಕಗಳಿಗೂ ಮಿಕ್ಕಿ ಪೂರ್ವದ ಸಮುದ್ರಗಳಲ್ಲಿ ವ್ಯಾಪಾರಕ್ಕಾಗಿ ಸಂಚರಿಸಿ, 1727ರಲ್ಲಿ ಎಡಿನ್‌ಬರೋದಲ್ಲಿ ತನ್ನ ಪ್ರವಾಸಗ್ರಂಥವನ್ನು ಅಚ್ಚುಹಾಕಿಸಿದವನು. ಅವನು ಹೇಳುವಂತೆ, 1670ರಲ್ಲಿ ಭಟ್ಕಳದ ಕೋಠಿಯಲ್ಲಿ ಆಂಗ್ಲರು 18 ಜನರಿದ್ದರು. ಮೆಣಸನ್ನು ತುಂಬಿಕೊಳ್ಳಲು ಬಂದ ಹಡಗೊಂದರ ಕಪ್ತಾನನು ಕೋಠಿಯ ಮುಖ್ಯಸ್ಥನಿಗೆ ದಷ್ಟಪುಷ್ಟವಾದ ಒಂದು ಬುಲ್‌ಡಾಗ್ ನಾಯಿಯನ್ನು ಕೊಟ್ಟುಹೋದನು. ಕೋಠಿಯವರು ಒಂದು ದಿನ ಬೇಟೆಗೆಂದು ಆ ನಾಯಿಯನ್ನು ಕರೆದುಕೊಂಡು ಊರಿನ ನಡುವೆ ಹೋಗುತ್ತಿದ್ದಾಗ, ಅದು ದೇವಾಲಯಕ್ಕೆ ಬಿಟ್ಟಿದ್ದ ಒಂದು ಹಸುವಿನ ಮೇಲೆ ಬಿದ್ದು ಅದನ್ನು ಕೊಂದುಹಾಕಿತು. ಕ್ಷಣಮಾತ್ರದಲ್ಲಿ ಊರು ಕೆರಳಿತು, ಗುಂಪು ಕೂಡಿತು, ಆ ಹದಿನೆಂಟು ಜನರಲ್ಲಿ ಒಬ್ಬನೂ ಬದುಕಲಿಲ್ಲ. ಬಳಿಕ ಊರವರಲ್ಲಿಯೇ ಆಂಗ್ಲರ ಸ್ನೇಹಿತರಾಗಿದ್ದ ಕೆಲವರು ಮುಂದೆ ಬಂದು, ದೊಡ್ಡದೊಂದು ಗುಂಡಿಯನ್ನು ತೋಡಿ, ಎಲ್ಲರನ್ನೂ ಅದರಲ್ಲಿ ಮಣ್ಣುಮಾಡಿದರು. ಕಾರವಾರದ ಕೋಠಿಯ ಮುಖ್ಯಸ್ಥನು ಆ ಗೋರಿಯ ಮೇಲಿಡಲು ಒಂದು ಕಲ್ಲನ್ನು ಕಳುಹಿಸಿದನು. ಜಾನ್ ಬೆಸ್ಟ್ ಎಂಬವನೂ ಅವನ ಜೊತೆಯ ಇತರ ಹದಿನೇಳು ಆಂಗ್ಲರೂ ಅರ್ಚಕರ ಉನ್ಮಾದಕ್ಕೂ ಗುಂಪಿನ ರೋಷಕ್ಕೂ ಬಲಿಯಾದರೆಂಬ ಅರ್ಥದ ಬರಹ ಅದರ ಮೇಲಿತ್ತಂತೆ.

ಈ ಕಥೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ವಿಚಾರಿಸದೆ ಮುಂದೆ ಹೋಗುವುದು ಸರಿಯಲ್ಲ. ಘಟನೆ ನಡೆಯಿತೆನ್ನಲಾದ ಕಾಲಕ್ಕೆ ಹ್ಯಾಮಿಲ್ಟನ್ ಈ ದೇಶವನ್ನೇ ಕಂಡಿರಲಿಲ್ಲ. ಅವನ ಪುಸ್ತಕ ಹೊರಬರುವಷ್ಟರಲ್ಲಿ ಐವತ್ತೇಳು ವರ್ಷಗಳು ಕಳೆದಿದ್ದವು. ನಾವಿಕರು ಕುಳಿತಲ್ಲಿ ನಿಂತಲ್ಲಿ ಹೇಳಿಕೊಳ್ಳುವ ಮಾತುಗಳನ್ನು ಅವನು ತನ್ನ ಗ್ರಂಥದಲ್ಲಿ ಧಾರಾಳವಾಗಿ ಸೇರಿಸಿಕೊಂಡಿರುವುದೂ ನಿಜ. ಹೀಗಾಗಿ, ಇದು ಅಕ್ಷರಶಃ ನಡೆದುಹೋದ ಚರಿತ್ರೆಯೆಂದು ಸಾಧಿಸಲು ನಾನು ಸಿದ್ಧನಿಲ್ಲ. ಆದರೂ ಅಪರಿಚಿತ ನೆಲದಲ್ಲಿ ಅಲ್ಲಿನ ಜನರ ಪೂಜ್ಯಭಾವನೆಗಳನ್ನು ತಿಳಿಯುವ ಶ್ರಮವನ್ನೇ ತೆಗೆದುಕೊಳ್ಳದ ಅಲಕ್ಷ್ಯವೂ, ಒಬ್ಬನ ನಾಯಿಯ ತಪ್ಪಿಗೆ ಹದಿನೆಂಟು ಜನರ ಪ್ರಾಣವನ್ನು ತೆಗೆಯಬಲ್ಲ ಗುಂಪಿನ ಕ್ರೌರ್ಯವೂ ಮನುಷ್ಯಸ್ವಭಾವಕ್ಕೆ ಹೊರತಾದುವಲ್ಲವಾದ್ದರಿಂದ ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕುವ ಧೈರ್ಯವೂ ನನಗಿಲ್ಲ. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಗುಂಡಿಯನ್ನು ತೋಡಿದ ಆ ಕೆಲವರ ಸಂಗತಿ. ಊರಿಗೆ ಊರೇ ರೋಷದಿಂದ ಕುದಿಯುತ್ತಿದ್ದ ಹೊತ್ತಿನಲ್ಲಿ, ಸತ್ತ ಅನ್ಯದೇಶೀಯರ ಶವಗಳನ್ನು ನಾಯಿನರಿಗಳ ಪಾಲಾಗಗೊಡದೆ ಮಣ್ಣಿಗೆ ಸೇರಿಸಲು ಗುದ್ದಲಿಯನ್ನು ಹಿಡಿದು ಹೊರಟವರಿಗೆ ಎಷ್ಟು ಎದೆಗಾರಿಕೆ ಬೇಕಾಗಿತ್ತೆಂಬುದನ್ನು ಊಹಿಸಿಕೊಳ್ಳಬೇಕು. ಅವರು ಯಾವ ಕೇರಿಯವರು, ಯಾವ ಮತದವರು, ಕೋಠಿಗೆ ಮೆಣಸು ತೂಗಿಕೊಡುತ್ತಿದ್ದವರೇ, ದೋಣಿ ನಡೆಸುತ್ತಿದ್ದವರೇ? ಜಾನ್ ಬೆಸ್ಟ್‌ನ ಹೆಸರನ್ನು ತಪ್ಪದೆ ಬರೆದ ಹ್ಯಾಮಿಲ್ಟನ್, ಇವರ ವಿಷಯದಲ್ಲಿ ಆ ಒಂದು ವಾಕ್ಯವನ್ನು ಬಿಟ್ಟರೆ ಬೇರೆ ಏನನ್ನೂ ಹೇಳಿಲ್ಲ.

ಇನ್ನು ಹೊನ್ನಾವರದ ಹಾದಿಯಾಗಿ ಬಂದ ಒಬ್ಬ ಪ್ರವಾಸಿಯ ಕಥೆ. ಇದು ನಮ್ಮ ನಾಡಿನ ಒಬ್ಬ ಬಡ ಹೆಣ್ಣುಮಗಳ ಹೆಸರನ್ನು ಉಳಿಸಿಕೊಟ್ಟ ಕಥೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಪಿಯೆತ್ರೊ ದೆಲ್ಲ ವಾಲೆ ರೋಮ್ ನಗರದ ಕುಲೀನ ಮನೆತನದಲ್ಲಿ 1586ರಲ್ಲಿ ಹುಟ್ಟಿದವನು. ಪ್ರೇಮದಲ್ಲಿ ನಿರಾಶನಾಗಿ 1614ರಲ್ಲಿ ದೇಶಾಂತರ ಹೊರಟು, ತುರ್ಕಿ, ಈಜಿಪ್ಟ್, ಪ್ಯಾಲೆಸ್ತೀನ್‌ಗಳನ್ನು ಸುತ್ತಿ ಬಾಗ್ದಾದಿಗೆ ಬಂದನು. ಅಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ತರುಣಿಯನ್ನು ಕಂಡು ಮೆಚ್ಚಿ ಮದುವೆಯಾದನು. ಆಗ ಅವಳಿಗೆ ವಯಸ್ಸು ಹದಿನೆಂಟರ ಆಸುಪಾಸು. ಪರ್ಷಿಯಾದ ಮರುಭೂಮಿಗಳಲ್ಲಿ, ಷಾ ಅಬ್ಬಾಸನ ಪಾಳೆಯಗಳಲ್ಲಿ, ಎಲ್ಲಿಯೂ ಅವನನ್ನು ಅಗಲದೆ ಜೊತೆಗಿದ್ದ ಅವಳು, ಹಡಗು ಹತ್ತಿ ಭಾರತದ ದಾರಿ ಹಿಡಿಯಬೇಕೆಂದು ಅವರು ಕಡಲತೀರಕ್ಕೆ ಬಂದಾಗ ಗರ್ಭಿಣಿಯಾಗಿದ್ದಳು. ಹೊರ್ಮೂಜ್ ದ್ವೀಪಕ್ಕಾಗಿ ಪರ್ಷಿಯನ್ನರಿಗೂ ಪೋರ್ಚುಗೀಸರಿಗೂ ನಡೆಯುತ್ತಿದ್ದ ಯುದ್ಧದಿಂದ ದಾರಿ ಮುಚ್ಚಿಹೋಗಿತ್ತು. ಜ್ವರಪೀಡಿತವಾದ ಮಿನಾಬ್ ಎಂಬ ಊರಿನಲ್ಲಿ ಕಾದು ಕುಳಿತಿರುವಾಗ ಗರ್ಭವೂ ನಿಲ್ಲದೆ, ಜ್ವರವೂ ಬಿಡದೆ, 1621ರ ಡಿಸೆಂಬರ್ 30ರಂದು ಮಾನಿ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟುಹೋಗಲು ಪಿಯೆತ್ರೊಗೆ ಮನಸ್ಸಾಗಲಿಲ್ಲ. ಶವವನ್ನು ಕರ್ಪೂರದಿಂದ ಸಂಸ್ಕರಿಸಿ, ಮರದ ಪೆಟ್ಟಿಗೆಯಲ್ಲಿಟ್ಟು, ನಾವಿಕರೂ ಸುಂಕದವರೂ ಅರಿಯದಂತೆ ತನ್ನ ಸಾಮಾನುಗಳ ನಡುವೆ ಅಡಗಿಸಿಕೊಂಡು, 1623ರ ಆರಂಭದಲ್ಲಿ ಅವನು ಸೂರತ್ತಿನಲ್ಲಿ ಇಳಿದನು. ಅಲ್ಲಿಂದ ಗೋವೆಗೆ ಬಂದನು.

ಅದೇ ವರ್ಷದ ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಒಂದು ರಾಯಭಾರವನ್ನು ಕಳುಹಿಸಿದಾಗ ಪಿಯೆತ್ರೊ ಕೂಡ ಜೊತೆಗೆ ಹೊರಟನು. ಹೊನ್ನಾವರದ ಕೋಟೆಯಲ್ಲಿ ಕೆಲವು ದಿನ ತಂಗಿ, ಅಲ್ಲಿಂದ ದೋಣಿಗಳಲ್ಲಿ ಶರಾವತಿಯ ಮೇಲೆ ಸಾಗಿ ಅವರು ಗೇರುಸೊಪ್ಪೆಯನ್ನು ಸೇರಿದರು. ಎರಡು ದಡಗಳ ಹಸುರನ್ನೂ ನೀರಿನ ಚೆಲುವನ್ನೂ ಕಂಡು ಅವನು ಮನಸಾರೆ ಕೊಂಡಾಡಿದ್ದಾನೆ. ಗೇರುಸೊಪ್ಪೆಯಲ್ಲಿ ಮಾತ್ರ ಅವನಿಗೆ ಕಂಡದ್ದು ಹಾಳು. ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆಯುತ್ತಿದ್ದ ಚೆನ್ನಭೈರಾದೇವಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ರಾಜಧಾನಿ ಅದು. ಕುಮಟಾ ತಾಲೂಕಿನ ಮಿರ್ಜಾನಿನಲ್ಲಿ ಇಂದಿಗೂ ತನ್ನ ಭವ್ಯತೆಯಿಂದ ನೋಡುವವರನ್ನು ಬೆರಗುಗೊಳಿಸುವ ಜಂಬಿಟ್ಟಿಗೆಯ ಕೋಟೆಯ ಸಂಬಂಧವನ್ನು ಜನರು ಅವಳ ಹೆಸರಿನೊಡನೆಯೇ ಹೇಳುತ್ತಾರೆ. 17ನೆಯ ಶತಮಾನದ ಮೊದಲ ದಶಕದಲ್ಲಿ ಇದೇ ವೆಂಕಟಪ್ಪನಾಯಕನು ಅವಳನ್ನು ಸೋಲಿಸಿ ಸೆರೆಹಿಡಿದೊಯ್ದನು. ವೃದ್ಧೆಯಾದ ಆ ರಾಣಿ ಇಕ್ಕೇರಿಯ ಬಂಧನದಲ್ಲಿಯೇ ಪ್ರಾಣ ಬಿಟ್ಟಳೆಂದು ಪರಂಪರೆಯು ಹೇಳುತ್ತದೆ. ಅನಂತರ ಎರಡು ದಶಕಗಳೂ ತುಂಬುವ ಮೊದಲೇ ಪಿಯೆತ್ರೊ ಅಲ್ಲಿಗೆ ಬಂದಾಗ, ಅರಮನೆಯಿದ್ದ ಎಡೆಯಲ್ಲಿ ಮರಗಳು ಬೆಳೆದು ಕಾಡು ಮುಚ್ಚಿಕೊಂಡಿತ್ತು. ರಾಣಿಯು ಒಬ್ಬ ಪರಕೀಯನನ್ನು ಪ್ರೇಮಿಸಿ ರಾಜ್ಯವನ್ನೇ ಕಳೆದುಕೊಂಡಳೆಂಬ ಒಂದು ಕಥೆಯನ್ನು ಅಲ್ಲಿ ಕೇಳಿ ಅವನು ಬರೆದುಕೊಂಡಿದ್ದಾನೆ. ಗೆದ್ದವರ ರಾಜ್ಯದಲ್ಲಿ ಸೋತವಳ ವಿಷಯವಾಗಿ ಹುಟ್ಟಿಕೊಂಡ ಮಾತಿಗೆ ಎಷ್ಟು ಬೆಲೆಯನ್ನು ಕೊಡಬೇಕೋ ಅಷ್ಟನ್ನೇ ಅದಕ್ಕೂ ಕೊಡಬೇಕೆಂದು ನನ್ನ ಅಭಿಪ್ರಾಯ. ಹೆಣ್ಣೊಬ್ಬಳು ಬಹುಕಾಲ ಸಮರ್ಥವಾಗಿ ಆಳಿದರೆ ಅವಳ ಪತನಕ್ಕೆ ಪ್ರೇಮಪ್ರಕರಣವೊಂದನ್ನು ಹುಡುಕುವುದು ಲೋಕದ ಹಳೆಯ ಚಾಳಿ.

ಘಟ್ಟವನ್ನೇರಿ ಇಕ್ಕೇರಿಯನ್ನು ಮುಟ್ಟುವ ದಾರಿಯಲ್ಲಿ, ದೇವಾಲಯವೊಂದರ ಜಗಲಿಯ ಮೇಲೆ ನಾಲ್ವರು ಹುಡುಗರು ನೆಲದ ನಯವಾದ ಮರಳಿನ ಮೇಲೆ ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಬರೆದುದನ್ನು ರಾಗವಾಗಿ ಹಾಡುತ್ತ, ಉಪಾಧ್ಯಾಯರ ನೆರವಿಲ್ಲದೆ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಪಿಯೆತ್ರೊ ನಿಂತು ನೋಡಿ ಸಂತೋಷಪಟ್ಟನು. ಅಂಥ ಸಣ್ಣಪುಟ್ಟ ಸಂಗತಿಗಳನ್ನು ಕಾಣುವ ಕಣ್ಣು ಅವನಿಗಿತ್ತು. ಆ ಕಣ್ಣಿಗೆ ನವೆಂಬರ್ 12ರ ಸಂಜೆ ಇಕ್ಕೇರಿಯ ಬೀದಿಯಲ್ಲಿ ಒಂದು ಮೆರವಣಿಗೆ ಬಿದ್ದಿತು. ವಾದ್ಯಗಳ ಸದ್ದಿನ ನಡುವೆ ಕುದುರೆಯ ಮೇಲೆ ಕುಳಿತ ಒಬ್ಬ ಹೆಂಗಸು, ಒಂದು ಕೈಯಲ್ಲಿ ಕನ್ನಡಿಯನ್ನೂ ಇನ್ನೊಂದರಲ್ಲಿ ನಿಂಬೆಹಣ್ಣನ್ನೂ ಹಿಡಿದು, ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತ, ಕರುಣಾಜನಕವಾದ ಧ್ವನಿಯಲ್ಲಿ ಏನನ್ನೋ ಹಾಡಿಕೊಳ್ಳುತ್ತ ಸಾಗುತ್ತಿದ್ದಳು. ವಿಚಾರಿಸಿದಾಗ, ಗಂಡನನ್ನು ಕಳೆದುಕೊಂಡ ಅವಳು ಸಹಗಮನಕ್ಕೆ ನಿಶ್ಚಯಿಸಿಕೊಂಡು ಲೋಕಕ್ಕೆ ವಿದಾಯ ಹೇಳುತ್ತಿದ್ದಾಳೆಂದು ತಿಳಿಯಿತು.

ನಾಲ್ಕು ದಿನಗಳ ಅನಂತರ, ಅಂದು ಸಂಜೆಯೇ ಅವಳು ಚಿತೆಯನ್ನೇರುವಳೆಂದು ಕೇಳಿ, ಪಿಯೆತ್ರೊ ಅವಳ ಮನೆಯನ್ನು ಹುಡುಕಿಕೊಂಡು ಹೋದನು. ಬಿಳಿಯ ಬಟ್ಟೆಯುಟ್ಟು, ಮೈತುಂಬ ಹೂ ಮುಡಿದು, ಜನರ ನಡುವೆ ನಗುನಗುತ್ತ ಮಾತನಾಡುತ್ತ ಕುಳಿತಿದ್ದ ಅವಳು ಎದ್ದುಬಂದು ಬಹಳ ಹೊತ್ತು ಅವನೊಡನೆ ಮಾತನಾಡಿದಳು. ಸುಮಾರು ಮೂವತ್ತು ವರ್ಷದ ಹೆಂಗಸು. ಗಂಡ ಡೋಲು ಬಾರಿಸುವವನು. ಸತ್ತು ಹತ್ತೊಂಬತ್ತು ದಿನಗಳಾಗಿದ್ದವು. ಅವಳಿಗಿಂತ ಮೊದಲು ಅವನು ಮದುವೆಯಾಗಿದ್ದ ಇಬ್ಬರು ಹಿರಿಯ ಹೆಂಡಿರು ಮಕ್ಕಳ ಕಾರಣವನ್ನು ಹೇಳಿ ಉಳಿದುಕೊಂಡಿದ್ದರು. ಇವಳಿಗೂ ಆರೇಳು ವರ್ಷದ ಒಬ್ಬ ಮಗನೂ ಎಳೆಯ ಮಗಳೊಬ್ಬಳೂ ಇದ್ದರು. ಅವರನ್ನು ಬಿಟ್ಟು ಹೇಗೆ ಹೋಗುತ್ತೀಯೆ ಎಂದು ಪಿಯೆತ್ರೊ ಕೇಳಿದನು. ಚಿಕ್ಕಪ್ಪನೂ ಸವತಿಯರೂ ನೋಡಿಕೊಳ್ಳುತ್ತಾರೆಂದು ಅವಳು ಉತ್ತರ ಕೊಟ್ಟಳು. ಮನಸ್ಸನ್ನು ತಿರುಗಿಸಲು ಅವನು ತನಗೆ ತೋಚಿದ ಮಾತುಗಳನ್ನೆಲ್ಲ ಹೇಳಿದನು, ಅವಳು ಕದಲಲಿಲ್ಲ. ತನ್ನನ್ನು ಯಾರೂ ಬಲವಂತಪಡಿಸಿಲ್ಲವೆಂದೂ ತಾನಾಗಿಯೇ ಹೋಗುತ್ತಿರುವುದಾಗಿಯೂ ಹೇಳಿದಳು. ಕಡೆಗೆ ಅವನು ಅವಳ ಹೆಸರನ್ನು ಕೇಳಿ ಬರೆದುಕೊಂಡನು. ಇಟಲಿಯ ಅಕ್ಷರಗಳಲ್ಲಿ ಅವನು ಬರೆದಿರುವುದನ್ನು ನಾವು ಜಕ್ಕಮ್ಮ ಎಂದು ಓದಬಹುದು. ತಾನು ಬದುಕಿರುವವರೆಗೆ ಅವಳ ವಿಷಯವನ್ನು ಹೇಳುವುದಾಗಿಯೂ, ತನ್ನ ಬರಹಕ್ಕೆ ಆಯುಷ್ಯವಿದ್ದಲ್ಲಿ ಅವಳ ಹೆಸರು ಲೋಕದಲ್ಲಿ ಉಳಿಯುವಂತೆ ಮಾಡುವುದಾಗಿಯೂ ಮಾತು ಕೊಟ್ಟು, ಅವಳಿಗಿಂತ ಹೆಚ್ಚಿನ ದುಃಖವನ್ನು ತಾನೇ ಹೊತ್ತುಕೊಂಡು ಬೀಳ್ಕೊಂಡನು. ಚಿತೆಯನ್ನು ನೋಡಲು ಅವನು ಹೋಗಲಿಲ್ಲ.

ಸತ್ತ ಹೆಂಡತಿಯನ್ನು ಬಿಟ್ಟಿರಲಾರದೆ ಅವಳ ದೇಹವನ್ನು ಕಡಲುಗಳಾಚೆ ಹೊತ್ತುಕೊಂಡು ಹೋಗುತ್ತಿದ್ದ ಗಂಡಸೊಬ್ಬನೂ, ಸತ್ತ ಗಂಡನ ಹಿಂದೆ ಬೆಂಕಿಯನ್ನು ಹೊಗಲು ಹೊರಟ ಹೆಂಗಸೊಬ್ಬಳೂ ಇಕ್ಕೇರಿಯ ಒಂದು ಬಡ ಮನೆಯಂಗಳದಲ್ಲಿ ಎದುರುಬದುರಾಗಿ ನಿಂತು ಮಾತನಾಡಿದ ಈ ಸಂದರ್ಭವನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಇಬ್ಬರ ಶೋಕವೂ ನಿಜವಾದದ್ದೇ. ಆದರೆ ಅವನ ಶೋಕಕ್ಕೆ ಲೋಕವು ಬದುಕಿ ಬರೆಯುವ ಅವಕಾಶವನ್ನು ಕೊಟ್ಟಿತು. ಅವಳ ಶೋಕಕ್ಕೆ ಹೂವನ್ನು ಮುಡಿಸಿ, ಕುದುರೆಯನ್ನೇರಿಸಿ, ವಾದ್ಯವನ್ನು ನುಡಿಸಿ ಚಿತೆಯ ದಾರಿಯನ್ನು ತೋರಿಸಿತು. ಯಾರೂ ಬಲವಂತಪಡಿಸಲಿಲ್ಲವೆಂದು ಅವಳೇ ಹೇಳಿದರೂ, ವಿಧವೆಯ ಮುಂದಿನ ಬಾಳು ಹೇಗಿರುತ್ತದೆಂಬುದನ್ನು ಕಣ್ಣಾರೆ ಕಂಡು ಬೆಳೆದ ಹೆಣ್ಣುಮಗಳ ಇಚ್ಛೆಯನ್ನು ಸ್ವತಂತ್ರವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆಂಗ್ಲ ಸರಕಾರವು ಬಂಗಾಳದಲ್ಲಿ ಈ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದ್ದು 1829ರಲ್ಲಿ. ಜಕ್ಕಮ್ಮನಿಗೆ ಅದು ಎರಡು ಶತಮಾನಗಳಷ್ಟು ತಡವಾಗಿತ್ತು. ಪಿಯೆತ್ರೊ 1626ರಲ್ಲಿ ರೋಮನ್ನು ತಲುಪಿ, ನಾಲ್ಕೂವರೆ ವರ್ಷಗಳ ಕಾಲ ತನ್ನೊಡನೆ ತಿರುಗಿದ ಮಾನಿಯ ದೇಹವನ್ನು ಆರಾಚೆಲಿ ಚರ್ಚಿನಲ್ಲಿರುವ ತನ್ನ ಮನೆತನದ ಸಮಾಧಿಯಲ್ಲಿಟ್ಟನು. ಜಕ್ಕಮ್ಮನಿಗೆ ಕೊಟ್ಟ ಮಾತನ್ನೂ ನಡೆಸಿದನು; ಅವನ ಪತ್ರಗಳು ಅಚ್ಚಾಗಿ ಅನೇಕ ಭಾಷೆಗಳಿಗೆ ಅನುವಾದಗೊಂಡವು.

ಕೊನೆಯ ಪ್ರಸಂಗವು 1783ರದು. ಮೈಸೂರಿನ ಹೈದರನು ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ, ಮುಂಬಯಿಯ ಆಂಗ್ಲರು ರಿಚರ್ಡ್ ಮ್ಯಾಥ್ಯೂಸ್ ಎಂಬ ಜನರಲ್ಲನ ಕೈಕೆಳಗೆ ಸೈನ್ಯವನ್ನು ಕಳುಹಿಸಿದರು. ಅವನು ಕುಮಟೆಯ ಸಮೀಪದಲ್ಲಿ ಅಘನಾಶಿನಿಯ ಅಳಿವೆಯ ಬಳಿಯಿದ್ದ ಕೋಟೆಯನ್ನು ಹಿಡಿದು, ಜನವರಿಯ ಮೊದಲ ವಾರದಲ್ಲಿ ಹೊನ್ನಾವರವನ್ನು ಲಗ್ಗೆಹತ್ತಿ ತೆಗೆದುಕೊಂಡನು. ಅಲ್ಲಿಂದ ಘಟ್ಟವನ್ನೇರಿ ಬಿದನೂರನ್ನೂ ವಶಪಡಿಸಿಕೊಂಡನು. ಅಲ್ಲಿ ದೊರೆತ ಭಂಡಾರದ ವಿಷಯದಲ್ಲಿ ಅವನ ಅಧಿಕಾರಿಗಳೇ ಅವನ ಮೇಲೆ ದೂರು ಒಯ್ಯುವಷ್ಟು ಜಗಳವಾಯಿತು. ಕೆಲವೇ ತಿಂಗಳುಗಳಲ್ಲಿ ಟಿಪ್ಪುವು ಬಂದು ಬಿದನೂರನ್ನು ಮರಳಿ ಗೆದ್ದುಕೊಂಡನು. ಮ್ಯಾಥ್ಯೂಸ್ ಸೆರೆಯಾಳಾಗಿ ಶ್ರೀರಂಗಪಟ್ಟಣದಲ್ಲಿ ಸತ್ತನು.

ಹೊನ್ನಾವರದ ಕೋಟೆಯಲ್ಲಿ ಉಳಿದವರು ಕ್ಯಾಪ್ಟನ್ ಟೋರಿಯಾನೋ ಎಂಬವನೂ ಅವನ ಪಡೆಯೂ. ಮೇ ತಿಂಗಳಿನಿಂದ ಟಿಪ್ಪುವಿನ ಸೇನಾನಿ ಲುತ್ಫ್ ಅಲಿ ಬೇಗನು ಕೋಟೆಯನ್ನು ಸುತ್ತುಗಟ್ಟಿದನು. ಆಗಸ್ಟಿನಲ್ಲಿ ಯುದ್ಧವಿರಾಮ ಘೋಷಣೆಯಾಯಿತಾದರೂ ಅದರಿಂದ ನಿಂತದ್ದು ಫಿರಂಗಿಯ ಸದ್ದು ಮಾತ್ರ. ಮುತ್ತಿಗೆ ಸಡಲಲಿಲ್ಲ, ಆಹಾರ ಒಳಗೆ ಹೋಗಲಿಲ್ಲ. ಮಳೆಗಾಲ ಮುಗಿದು ಚಳಿಗಾಲ ಬಂದು ಅದೂ ಕಳೆಯುವವರೆಗೆ, ಶರಾವತಿಯ ಅಳಿವೆಯನ್ನು ಕಣ್ಣೆದುರಿಗೇ ನೋಡುತ್ತ, ಮೀನೂ ಅಕ್ಕಿಯೂ ಸಮೃದ್ಧವಾದ ಈ ಸೀಮೆಯ ನಡುವೆಯೇ ಅವರು ಹಸಿದು ಕುಳಿತರು. ಒಸಡುಗಳು ಕೊಳೆತು ಮೈ ಊದುವ ಸ್ಕರ್ವಿ ರೋಗವು ಹಬ್ಬಿತು; ನಿಂಬೆಹಣ್ಣಿನ ರಸದಿಂದ ನೀಗಬಹುದಾದ ರೋಗವದು. ಗುಂಡಿಗಿಂತ ಹಸಿವೆಯೂ ರೋಗವೂ ಹೆಚ್ಚು ಜನರನ್ನು ಕೊಂದವು. 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಸಂಧಿಯಾಗಿ, ಏಪ್ರಿಲಿನಲ್ಲಿ ಬದುಕುಳಿದವರು ಕೋಟೆಯನ್ನು ಬಿಟ್ಟು ಹಡಗು ಹತ್ತಿದರು. 1813ರಲ್ಲಿ ಜೇಮ್ಸ್ ಫೋರ್ಬ್ಸ್ ಎಂಬವನು ತನ್ನ ದೊಡ್ಡ ಗ್ರಂಥದಲ್ಲಿ ಈ ಮುತ್ತಿಗೆಯ ವಿವರವನ್ನು ಸೇರಿಸಿ ಟೋರಿಯಾನೋವಿನ ಧೈರ್ಯವನ್ನು ಹಾಡಿಹೊಗಳಿದನು. ಆ ಹೊಗಳಿಕೆ ಅಯೋಗ್ಯವಲ್ಲ. ಆದರೆ ಕೋಟೆಯೊಳಗೆ ಸತ್ತವರಲ್ಲಿ ಬಹುಪಾಲು ಸಿಪಾಯಿಗಳು, ಕೂಲಿಯವರು. ಎಲ್ಲರೂ ಈ ದೇಶದವರೇ. ಕೋಟೆಯ ಹೊರಗೆ, ಎರಡು ಸೈನ್ಯಗಳ ನಡುವೆ ಸಿಕ್ಕಿ, ಗದ್ದೆ ಬಿತ್ತಲಾರದೆ, ದೋಣಿ ಇಳಿಸಲಾರದೆ ಹೋದ ಹೊನ್ನಾವರದ ಜನರನ್ನಂತೂ ಲೆಕ್ಕವಿಟ್ಟವರೇ ಇಲ್ಲ.

ಈ ಮೂರು ತಾಲೂಕುಗಳ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಊರಿನ ದೇವಾಲಯದ ಹಿಂಬದಿಯಲ್ಲಿ, ಬಸದಿಯ ಹಾಳಿನಲ್ಲಿ, ತೋಟದ ಬೇಲಿಯ ಸಂದಿಯಲ್ಲಿ, ಬಾವಿಕಟ್ಟೆಯ ಬದಿಯಲ್ಲಿ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಇಂದಿಗೂ ಬಿದ್ದಿವೆ; ಎಷ್ಟೋ ಕಡೆ ಅವುಗಳ ಮೇಲೆ ಬಟ್ಟೆ ಒಗೆಯುತ್ತಾರೆ, ಹೆದ್ದಾರಿಯ ಅಗಲೀಕರಣದಲ್ಲಿಯೂ ಮನೆಯ ಪಾಯದಲ್ಲಿಯೂ ಅವು ಹುಗಿದುಹೋಗುತ್ತವೆ. ಅಂಥ ಕಲ್ಲೊಂದು ಕಣ್ಣಿಗೆ ಬಿದ್ದರೆ ಅದರ ಮೇಲಿನ ಮಣ್ಣನ್ನು ನೀರಿನಿಂದ ಮೆಲ್ಲನೆ ತೊಳೆದು, ಅಕ್ಷರಗಳಿದ್ದರೆ ಒಂದು ಛಾಯಾಚಿತ್ರವನ್ನು ತೆಗೆದು, ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೋ ರಾಜ್ಯದ ಪುರಾತತ್ತ್ವ ಇಲಾಖೆಗೋ ತಿಳಿಸಿ. ಮನೆಯ ಹಿರಿಯರಿಂದ ಕೇಳಿದ ಹೆಸರುಗಳಿದ್ದರೆ ಅವರು ಇರುವಾಗಲೇ ಬರೆದುಕೊಳ್ಳಿ. ಜಾನ್ ಬೆಸ್ಟ್‌ನನ್ನು ಮಣ್ಣುಮಾಡಿದವರ ಹೆಸರು ಸಿಕ್ಕದೆ ಹೋಗಬಹುದು. ಇನ್ನೊಬ್ಬ ಜಕ್ಕಮ್ಮನ ಹೆಸರು ನಿಮ್ಮ ಹಿತ್ತಿಲಿನ ಕಲ್ಲಿನಲ್ಲಿ ಇರಬಹುದು.